ಗ್ಯಾಸ್ ಮುಗಿಯದ ಮನೆ

ಸುಳ್ಳು ಹೇಳಿ ಸಿಕ್ಕಿಬಿದ್ದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ವಿಷಯ ನಮಗೆ ಬೇಡ. ಮೀಟರಪ್ಪ ಸಿಕ್ಕಿಬಿದ್ದದ್ದು ನಿಜ ಹೇಳಿ. ಅದೂ ಫೋನಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಮುಖ ತೊಳೆಯುವ ಮುಂಚೆ, ತನ್ನ ಸ್ವಂತ ಅಕ್ಕನಿಗೆ.

ಮೀಟರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವಿದ್ಯುತ್ ಕಚೇರಿಯಿಂದ ಮನೆಮನೆಗೂ ಹೋಗಿ ಮೀಟರು ನೋಡಿಕೊಂಡು ಬರುವುದು ಅವನ ಉದ್ಯೋಗ, ಆದ್ದರಿಂದ ಓಣಿಯವರು ಹಾಗೆ ಕರೆದರು, ಅವನೂ ತಕರಾರಿಲ್ಲದೆ ಓಗೊಟ್ಟ. ಆ ಓಣಿಯ ಮನೆಗಳನ್ನು ಕಟ್ಟಿಸಿದ ಪುಣ್ಯಾತ್ಮ ಯಾರೋ, ಏನು ಯೋಚಿಸಿದನೋ, ಎಲ್ಲ ಮನೆಗಳ ಮೀಟರನ್ನೂ ಅಡುಗೆಮನೆಯ ಬಾಗಿಲಿನ ನೆತ್ತಿಯ ಮೇಲೆ ಕೂರಿಸಿದ್ದ. ಹೀಗಾಗಿ ಮೀಟರಪ್ಪ ತಿಂಗಳಿಗೊಂದು ಸಲ ಓಣಿಯ ಪ್ರತಿಯೊಂದು ಅಡುಗೆಮನೆಯ ಹೊಸ್ತಿಲಲ್ಲೂ ನಿಂತವನು. ನಿಂತು, ಕತ್ತೆತ್ತಿ ಮೇಲೆ ನೋಡಿದವನು. ಯಾರ ಮನೆಯ ಸೂರಿನಲ್ಲಿ ಎಷ್ಟು ಜೇಡರಬಲೆ ಇದೆ ಎಂದು ಕೇಳಿದರೆ ಥಟ್ಟನೆ ಹೇಳಬಲ್ಲ. ಸೂರಿನ ಕೆಳಗೆ, ಒಲೆಯ ಮೇಲೆ, ಪಾತ್ರೆಯ ಒಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ಅವನ ಇಲಾಖೆಗೆ ಸೇರಿದ ವಿಷಯವಾಗಿರಲಿಲ್ಲ.

ಆ ಇಲಾಖೆಯನ್ನು ಅವನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದಳು, ವಾಪಸು ಬರಲಿಲ್ಲ. ಮಕ್ಕಳಿರಲಿಲ್ಲ. ಮೀಟರಪ್ಪ ಬೆಳಿಗ್ಗೆ ಬ್ರೆಡ್ಡು ತಿಂದು, ಮಧ್ಯಾಹ್ನ ಕಚೇರಿಯ ಹಿಂದಿನ ಕ್ಯಾಂಟೀನಿನಲ್ಲಿ ಉಂಡು, ಸಂಜೆ ಅದೇ ಕ್ಯಾಂಟೀನಿನಿಂದ ಒಂದು ಪೊಟ್ಟಣ ಚೀಲದಲ್ಲಿ ಅಡಗಿಸಿ ತಂದು ಕಾಲ ಹಾಕುತ್ತಿದ್ದ. ಅಡಗಿಸಿ ಏಕೆ ತರಬೇಕು ಎಂದರೆ, ಅಕ್ಕ. ಅಕ್ಕ ಇದ್ದದ್ದು ದೂರದ ಊರಿನಲ್ಲಿ, ನಿಜ. ಆದರೆ ಆಕೆಯ ಕಿವಿ ಮಾತ್ರ ಇದೇ ಓಣಿಯಲ್ಲಿ ವಾಸವಾಗಿದೆ ಎಂದು ಮೀಟರಪ್ಪ ನಂಬಿದ್ದ.

ಪ್ರತಿ ಭಾನುವಾರ ಅಕ್ಕ ಫೋನು ಮಾಡುತ್ತಿದ್ದಳು. ಪ್ರತಿ ಭಾನುವಾರವೂ ಒಂದೇ ರಾಗ.

"ಮನೆಗೆ ಬೀಗ ಹಾಕಿ ಇಲ್ಲಿಗೆ ಬಾರೋ. ಹಿಂದಿನ ರೂಮು ಖಾಲಿ ಬಿದ್ದಿದೆ. ಒಂದು ಲೋಟ ನೀರು ಕಾಯಿಸೋಕೆ ಬರದೆ ಇರೋನು ಅಲ್ಲಿ ಒಬ್ಬನೇ ಏನು ಮಾಡ್ತೀಯ?"

ಅವನಿಗೆ ಹೋಗಲು ಇಷ್ಟವಿರಲಿಲ್ಲ. ಆ ಮನೆಯಲ್ಲಿ ಹೆಂಡತಿ ಮಡಿಚಿಟ್ಟ ಬಟ್ಟೆಗಳಿದ್ದವು, ಅವಳು ಸರಿ ಮಾಡಿಸಬೇಕೆಂದು ಗೊಣಗುತ್ತಿದ್ದ ಕಿಟಕಿ ಇತ್ತು. ಬೀಗ ಹಾಕಿ ಹೊರಟರೆ ಅವಳು ಎರಡನೇ ಸಲ ತೀರಿಕೊಂಡ ಹಾಗೆ ಎಂದು ಅವನಿಗೆ ಅನ್ನಿಸುತ್ತಿತ್ತು. ಇದನ್ನು ಅಕ್ಕನ ಹತ್ತಿರ ಹೇಳಬಹುದಿತ್ತು. ಆದರೆ ಇಂಥ ಮಾತು ಆಡುವ ಅಭ್ಯಾಸ ಮೀಟರಪ್ಪನಿಗೆ ಇರಲಿಲ್ಲ. "ನಾನು ಮಾಡ್ಕೊಂಡು ತಿನ್ತಿದ್ದೀನಿ ಅಕ್ಕ" ಎಂದುಬಿಡುತ್ತಿದ್ದ.

ಆ ಭಾನುವಾರ ಅಕ್ಕ ಬಲೆ ಬೀಸಿದಳು.

"ಹೌದಾ? ಹಾಗಾದ್ರೆ ಸಿಲಿಂಡರ್ ಯಾವಾಗ ತರಿಸಿದೆ ಹೇಳು."

ನಿದ್ದೆಗಣ್ಣಿನಲ್ಲಿದ್ದ ಮೀಟರಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ತರಿಸಿಲ್ಲ. ಅವಳು ಇದ್ದಾಗ ಬಂದಿದ್ದೇ ಇನ್ನೂ ಇದೆ. ಮುಗಿದಿಲ್ಲ."

ಸಿಕ್ಕಿಬಿದ್ದೆ ಎಂದುಕೊಂಡು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ. ಆದರೆ ಅಕ್ಕನ ಧ್ವನಿ ಬೇರೆಯೇ ಆಗಿತ್ತು. ಅದು ಅವನು ಹುಟ್ಟಿದಾಗಿನಿಂದ ಕೇಳಿರದ ಧ್ವನಿ. ಅದರಲ್ಲಿ ಗೌರವವಿತ್ತು.

"ಒಂದು ವರ್ಷದಿಂದ ಮುಗಿದಿಲ್ವಾ?"

"ಇಲ್ಲ."

"ಏನು ಉಪಾಯನೋ ಅದು?"

ಇಲ್ಲಿ ಒಂದು ಮಾತು ಹೇಳಬೇಕು. ಅಕ್ಕನ ಬಾಳಿನ ಬಹುಭಾಗ ಗ್ಯಾಸ್ ಮುಗಿಯುವ ಭಯದಲ್ಲಿ ಕಳೆದಿತ್ತು. ನೆಂಟರು ಬಂದು ಕೂತಾಗಲೇ ಅದು ಮುಗಿಯುತ್ತಿತ್ತು, ಮಗನಿಗೆ ಕೆಲಸಕ್ಕೆ ತಡವಾದ ದಿನವೇ ಮುಗಿಯುತ್ತಿತ್ತು. ಎಷ್ಟೇ ಉಳಿಸಿದರೂ ಸಿಲಿಂಡರು ಆಕೆಯ ಮೇಲೆ ಹಗೆ ಸಾಧಿಸುತ್ತಿತ್ತು. ಅಂಥವಳಿಗೆ, ಒಂದು ವರ್ಷ ಗ್ಯಾಸ್ ಮುಗಿಯದ ಮನೆ ತನ್ನ ತಮ್ಮನದೇ ಎಂದು ತಿಳಿದರೆ ತಲೆ ನಿಲ್ಲುವುದು ಹೇಗೆ? ತಮ್ಮ ಒಲೆ ಹಚ್ಚಿಯೇ ಇಲ್ಲ ಎಂಬ ಸರಳ ವಿವರಣೆ ಆಕೆಗೆ ಹೊಳೆಯಲೇ ಇಲ್ಲ. ಒಲೆ ಹಚ್ಚದ ಮನೆಯನ್ನು ಅಕ್ಕ ತನ್ನ ಜನ್ಮದಲ್ಲಿ ಕಂಡವಳಲ್ಲ.

"ಹೇಳೋ, ಏನು ಮಾಡ್ತೀಯ?"

ಮೀಟರಪ್ಪ ಗಲಿಬಿಲಿಗೊಂಡ. ಹಿಂದಿನ ತಿಂಗಳು ಪಕ್ಕದ ದರ್ಜಿಯ ಮನೆಯಲ್ಲಿ ಮೀಟರು ನೋಡುತ್ತಿದ್ದಾಗ ಅವನ ಹೆಂಡತಿ ಯಾರಿಗೋ ಹೇಳುತ್ತಿದ್ದ ಒಂದು ಮಾತು ಕಿವಿಯಲ್ಲಿ ಉಳಿದಿತ್ತು. ಅದನ್ನೇ ಎತ್ತಿ ಒಪ್ಪಿಸಿದ.

"ಬೇಳೆ ಮೊದಲೇ ನೆನೆಹಾಕ್ತೀನಿ ಅಕ್ಕ. ಬೇಗ ಬೇಯತ್ತೆ."

"ಅಬ್ಬಾ!" ಎಂದಳು ಅಕ್ಕ. "ನಾನೇ ಸಾಕಿದ ಹುಡುಗ!" ಬೀಗ ಹಾಕುವ ಮಾತು ಆ ದಿನ ಬರಲೇ ಇಲ್ಲ.

ಮೀಟರಪ್ಪನಿಗೆ ದಾರಿ ಕಂಡಿತು. ವಾರಕ್ಕೊಂದು ಉಪಾಯ ಒದಗಿಸಿದರೆ ವಾರಕ್ಕೊಂದು ಸಲ ಮನೆ ಉಳಿಯುತ್ತದೆ. ಉಪಾಯಗಳಿಗೇನು ಬರ? ಓಣಿಯ ತುಂಬ ಅಡುಗೆಮನೆಗಳಿವೆ, ಎಲ್ಲದರ ಬಾಗಿಲಲ್ಲೂ ನಿಲ್ಲುವ ಅಧಿಕಾರ ಸರ್ಕಾರವೇ ಅವನಿಗೆ ಕೊಟ್ಟಿದೆ. ಇಷ್ಟು ಕಾಲ "ಮೀಟರ್" ಎಂಬ ಒಂದೇ ಪದ ಆಡುತ್ತಿದ್ದವನು ಈಗ ಕತ್ತು ಕೆಳಗಿಳಿಸಿ ಮಾತು ತೆಗೆಯತೊಡಗಿದ.

"ಅಮ್ಮಾ, ಬೆಳ್ಳುಳ್ಳಿ ಸಿಪ್ಪೆ ಬಿಡಿಸೋದು ದೊಡ್ಡ ತಲೆನೋವು, ಅಲ್ವಾ?" ಎಂದು ದರ್ಜಿಯ ಹೆಂಡತಿಯ ಮುಂದೆ ನಿಟ್ಟುಸಿರು ಬಿಟ್ಟ.

ಆಕೆಯ ಕೈಯಲ್ಲಿದ್ದ ಚಾಕು ನಿಂತಿತು. ಗಂಡಸೊಬ್ಬ ಬೆಳ್ಳುಳ್ಳಿಯ ಕಷ್ಟ ಅರಿತು ಮಾತಾಡಿದ್ದನ್ನು ಆಕೆ ಅದೇ ಮೊದಲು ಕೇಳಿದ್ದು. "ಅಯ್ಯೋ ಅಣ್ಣಾ, ಎರಡು ಬಟ್ಟಲು ಕವುಚಿ ಹಾಕಿ, ಒಳಗೆ ಎಸಳು ಬಿಟ್ಟು ಜೋರಾಗಿ ಅಲ್ಲಾಡಿಸಿ! ಸಿಪ್ಪೆ ತಾನಾಗೇ ಬಿಡತ್ತೆ," ಎಂದಳು. ಮಾಡಿಯೂ ತೋರಿಸಿದಳು. ಮೀಟರಪ್ಪ ಮೀಟರು ನೋಡುವುದನ್ನೇ ಮರೆತ.

ಮುಂದಿನ ಮನೆಯಲ್ಲಿ ಶುಂಠಿಯ ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆಯಬೇಕೆಂದು ಗೊತ್ತಾಯಿತು. ಅದರ ಮುಂದಿನದರಲ್ಲಿ, ಹೆಚ್ಚುವ ಮಣೆ ಜಾರದಿರಲು ಅಡಿಯಲ್ಲಿ ಒದ್ದೆ ಬಟ್ಟೆ. ನಿಂಬೆಹಣ್ಣನ್ನು ಕೊಯ್ಯುವ ಮುಂಚೆ ಅಂಗೈಯಲ್ಲಿ ಒತ್ತಿ ಉರುಳಿಸಿದರೆ ರಸ ಹೆಚ್ಚು. ಈರುಳ್ಳಿಯನ್ನು ತಣ್ಣೀರಿನಲ್ಲಿ ಹಾಕಿಟ್ಟು ಹೆಚ್ಚಿದರೆ ಕಣ್ಣು ಉರಿಯದು. ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕಿದರೆ ಉಪ್ಪು ನೀರೊಡೆಯದು. ಪಾತ್ರೆಯ ಬಾಯಿಗೆ ಅಡ್ಡಲಾಗಿ ಮರದ ಸೌಟು ಇಟ್ಟರೆ ಹಾಲು ಸುಲಭಕ್ಕೆ ಉಕ್ಕುವುದಿಲ್ಲ. ಭಾನುವಾರ ಬಂದಂತೆ ಒಂದೊಂದಾಗಿ ಅಕ್ಕನಿಗೆ ತಲುಪಿತು. ಅಕ್ಕ ಪ್ರತಿ ಸಲವೂ "ಅಬ್ಬಾ" ಎಂದಳು.

ಈಗ ಯೋಚಿಸಿ ನೋಡಿ. ಈರುಳ್ಳಿ ಹೆಚ್ಚಿದರೆ ಕಣ್ಣು ಉರಿಯುತ್ತದಲ್ಲ, ಏನು ಮಾಡೋಣ ಎಂದು ಕೇಳುವವನಿಗೆ ಈರುಳ್ಳಿಯನ್ನು ಯಾತಕ್ಕೆ ಹೆಚ್ಚುತ್ತಾರೆ ಎಂಬುದು ಗೊತ್ತಿಲ್ಲ ಎಂದು ಯಾರಾದರೂ ಭಾವಿಸುತ್ತಾರೆಯೇ? ಓಣಿಯೂ ಭಾವಿಸಲಿಲ್ಲ. ಉಪಾಯ ಹೇಳಿದವರೆಲ್ಲ ಅಡುಗೆ ಅವನಿಗೆ ಗೊತ್ತೇ ಇದೆ ಎಂದುಕೊಂಡರು. ಹೆಚ್ಚೇಕೆ, ಸಂಜೆ ಹೊತ್ತು ಅವನ ಮನೆಯಿಂದ ಬರುವ ಒಗ್ಗರಣೆಯ ಘಮಕ್ಕೆ ತನಗೆ ಬಾಯಲ್ಲಿ ನೀರೂರುತ್ತದೆ ಎಂದು ದರ್ಜಿ ಬಂದವರಿಗೆಲ್ಲ ಹೇಳುತ್ತಿದ್ದ. ಆ ಘಮ ಎದುರುಮನೆಯಿಂದ ಬರುತ್ತಿತ್ತು.

ಎದುರುಮನೆಯಲ್ಲಿ ಇದ್ದವರು ನಿವೃತ್ತ ಹೆಡ್‌ಮಾಸ್ಟರು. ಸಂಬಳ ನಿಂತರೂ ಪಾಠ ನಿಲ್ಲಿಸದ ಮನುಷ್ಯ. ಫೋನಿನಲ್ಲಿ ಆಡಿದ ಗ್ಯಾಸ್ ಮುಗಿಯದ ಸಂಗತಿ ದರ್ಜಿಯ ಮನೆಯ ಗೋಡೆ ದಾಟಿ ಅವರನ್ನು ತಲುಪಿದಾಗ ಅವರು ಕನ್ನಡಕ ಒರೆಸಿಕೊಂಡು, ಅದರ ಹಿಂದೆ ಇರುವ ತತ್ವವನ್ನು ತಾವು ಮೊದಲೇ ಊಹಿಸಿದ್ದಾಗಿ ಹೇಳಿದರು. ತತ್ವ ಏನೆಂದು ಹೇಳಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿರುವಾಗ ಗ್ಯಾಸ್ ಏಜೆನ್ಸಿಯಿಂದ ತಪಾಸಣೆಯವನು ಬಂದ. ಚಪ್ಪಲಿಯನ್ನು ಹೊರಗೆ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕೂತ.

"ಒಂದು ವರ್ಷದಿಂದ ಈ ಮನೆಯಿಂದ ಬುಕಿಂಗ್ ಇಲ್ಲ. ನಮ್ಮ ಲೆಕ್ಕದ ಪ್ರಕಾರ ಈ ಮನೇಲಿ ಯಾರೂ ಇಲ್ಲ."

"ನಾನಿದ್ದೀನಲ್ಲ ಸಾರ್."

"ನೀವು ಇದ್ದೀರಿ ರೀ. ಅಡುಗೆ ಎಲ್ಲಿ ಮಾಡ್ತೀರಿ? ಕಳ್ಳ ಸಿಲಿಂಡರಾ?"

ಮೀಟರಪ್ಪ ಸತ್ಯ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ನೆರೆದಿದ್ದ ಓಣಿ ಅವನ ಪರವಾಗಿ ಮಾತಾಡತೊಡಗಿತು.

"ಕಳ್ಳತನನಾ? ಅಣ್ಣನ ಮೇಲೆ ಹಾಗೆ ಅನ್ಬೇಡಿ!" ಎಂದು ದರ್ಜಿಯ ಹೆಂಡತಿ ನುಗ್ಗಿದಳು. "ಮೂರು ಹೊತ್ತೂ ಮಾಡ್ಕೊಂಡು ತಿಂತಾರೆ. ಅಷ್ಟರಲ್ಲೂ ಮುಗಿಸಲ್ಲ, ಅದೇ ಅವರ ಕೈಗುಣ."

"ಒಗ್ಗರಣೆ ವಾಸನೆ ನನಗೆ ದಿನಾ ಬರತ್ತೆ," ಎಂದ ದರ್ಜಿ.

"ಇದರಲ್ಲಿ ಒಂದು ತತ್ವ ಇದೆ," ಎಂದರು ಹೆಡ್‌ಮಾಸ್ಟರು.

ತಪಾಸಣೆಯವನು ಎದ್ದು ಹೋಗಿ ಸಿಲಿಂಡರನ್ನು ಎತ್ತಿ ನೋಡಿದ. ಎತ್ತಿದ ಅರ್ಧಕ್ಕೇ ಕೆಳಗೆ ಬಿಟ್ಟು ಸೊಂಟ ಹಿಡಿದುಕೊಂಡ. ಅವನ ಕಣ್ಣು ಅರಳಿತು. "ತುಂಬಿದೆ ರೀ!"

ಓಣಿ ಒಟ್ಟಿಗೆ ಉಸಿರೆಳೆದುಕೊಂಡಿತು. ಮುಗಿದಿಲ್ಲ ಎನ್ನುವುದು ಒಂದು, ಕಡಿಮೆಯೇ ಆಗಿಲ್ಲ ಎನ್ನುವುದು ಇನ್ನೊಂದು. ತಪಾಸಣೆಯವನು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ. ಮೀಟರಪ್ಪನನ್ನು ಮೂಲೆಗೆ ಕರೆದು ಕಿವಿಯ ಹತ್ತಿರ ಬಾಗಿದ.

"ಸಾರ್, ತಪ್ಪು ತಿಳ್ಕೋಬೇಡಿ. ಏಜೆನ್ಸಿಯವನಾದ್ರೂ ನಮ್ಮ ಮನೇಲೂ ಗ್ಯಾಸ್ ನಿಲ್ಲಲ್ಲ. ಒಂದೇ ಒಂದು ಉಪಾಯ ನನಗೂ ಹೇಳಿ."

"ಬೇಳೆ ನೆನೆಹಾಕಿ," ಎಂದ ಮೀಟರಪ್ಪ, ಬೆವರು ಒರೆಸಿಕೊಳ್ಳುತ್ತ.

ಆ ಮನುಷ್ಯ ಕೈಮುಗಿದು ಹೊರಟುಹೋದ. ಹೋದವನು ಸುಮ್ಮನೆ ಹೋಗಲಿಲ್ಲ, ತಪಾಸಣೆಗೆ ಹೋದ ಪ್ರತಿ ಮನೆಯಲ್ಲೂ ಈ ಮನೆಯ ಮಹಿಮೆ ಹೇಳುತ್ತ ಹೋದ. ಬೇರೆ ಓಣಿಯ ಹೆಂಗಸರು ಬಂದು ಕಿಟಕಿಯಲ್ಲಿ ಇಣುಕಿದರು. ಮೀಟರಪ್ಪ ಕಿಟಕಿಗೆ ಪರದೆ ಹಾಕಿದ. ಪರದೆ ಹಾಕಿದ ಮೇಲಂತೂ ಒಳಗೆ ಏನೋ ಇದೆ ಎಂಬುದು ಖಾತ್ರಿಯಾಯಿತು.

ಮುಂದಿನ ಭಾನುವಾರ ಅಕ್ಕನ ಧ್ವನಿ ಬಿಗಿಯಾಗಿತ್ತು. ಅವಳ ಮಗ ನಕ್ಕಿದ್ದನಂತೆ. ಮಾವ ಅಡುಗೆ ಮಾಡುವುದುಂಟೇ, ನಿನಗೆ ಟೋಪಿ ಹಾಕುತ್ತಿದ್ದಾನೆ ಎಂದಿದ್ದನಂತೆ.

"ಬುಧವಾರ ಬರ್ತಿದ್ದೀನಿ," ಎಂದಳು ಅಕ್ಕ. "ನಿನ್ನ ಕೈಯಿಂದ ಒಂದು ಊಟ ಮಾಡಿ ಬಡಿಸು. ನಾನು ಒಂದು ಚಮಚನೂ ಮುಟ್ಟಲ್ಲ. ಊಟ ಆಯ್ತೋ, ಇನ್ನು ಜನ್ಮದಲ್ಲಿ ಬೀಗದ ಮಾತೆತ್ತಲ್ಲ. ಆಗ್ಲಿಲ್ವೋ, ಅವತ್ತೇ ಬಟ್ಟೆ ಕಟ್ಕೊಂಡು ನನ್ನ ಜೊತೆ ಹೊರಡಬೇಕು. ಏನಂತೀಯ?"

ಅವನು ಏನನ್ನುತ್ತಾನೆ? ಹೂಂ ಅಂದ.

ಫೋನಿಟ್ಟವನೇ ದರ್ಜಿಯ ಮನೆಗೆ ಓಡಿದ. ಇನ್ನು ಮಾನ ಮರ್ಯಾದೆ ನೋಡುವ ಸಮಯವಲ್ಲ ಎಂದು ಗಟ್ಟಿ ಮನಸ್ಸು ಮಾಡಿ, "ಅಮ್ಮಾ, ಅನ್ನ ಮಾಡೋದು ಹೇಗೆ?" ಎಂದು ನೇರವಾಗಿ ಕೇಳಿದ.

ದರ್ಜಿಯ ಹೆಂಡತಿ ಅವನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. "ರೀ, ಕೇಳಿದ್ರಾ? ಅಣ್ಣ ನನ್ನನ್ನೇ ಪರೀಕ್ಷೆ ಮಾಡ್ತಿದ್ದಾರೆ!" ಎಂದು ಗಂಡನನ್ನು ಕೂಗಿದಳು.

"ಪರೀಕ್ಷೆ ಅಲ್ಲಮ್ಮ, ನಿಜವಾಗ್ಲೂ."

"ಹೋಗಿ ಅಣ್ಣಾ! ನೀವೇ ಹೇಳಿ, ಒಂದಕ್ಕೆ ಎರಡೋ ಎರಡೂವರೆಯೋ? ನಾನು ಎರಡೂವರೆ ಅಂತೀನಿ, ಇವರಮ್ಮ ಎರಡು ಅಂತಿದ್ರು. ಇವತ್ತು ನೀವು ತೀರ್ಮಾನ ಹೇಳ್ಲೇಬೇಕು."

ಯಾವುದು ಒಂದು, ಯಾವುದು ಎರಡು ಎಂದು ತಿಳಿಯದ ಮೀಟರಪ್ಪ ಬಹಳ ಯೋಚಿಸಿ, "ಮನೆ ನೋಡ್ಕೊಂಡು," ಎಂದ. ಗಂಡ ಹೆಂಡತಿ ಇಬ್ಬರೂ ತಲೆದೂಗಿದರು. ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದಿದ್ದ ಜಗಳ ಆ ಒಂದು ಮಾತಿನಿಂದ ಮುಗಿಯಿತು. ಮೀಟರಪ್ಪನ ಸಮಸ್ಯೆ ಮಾತ್ರ ಇದ್ದಲ್ಲೇ ಇತ್ತು.

ಹೆಡ್‌ಮಾಸ್ಟರ ಹತ್ತಿರ ಹೋಗಿ ಆಲೂಗಡ್ಡೆ ಬೇಯಿಸುವುದು ಹೇಗೆಂದು ಕೇಳಿದ. ಅವರು ಆಲೂಗಡ್ಡೆ ಯಾವ ಖಂಡದಿಂದ ಹಡಗು ಹತ್ತಿತು ಎಂಬಲ್ಲಿಂದ ಶುರು ಮಾಡಿದರು. ಅದು ದಡ ಸೇರುವ ಮುಂಚೆಯೇ ಅವರ ಮನೆಯವರು ಊಟಕ್ಕೆ ಕರೆದರು.

ಬುಧವಾರ ಅಕ್ಕ ಬಂದಳು. ಗಿಡ್ಡ ದೇಹ, ನೇರ ಬೆನ್ನು, ಕೈಯಲ್ಲಿ ಒಂದು ಚೀಲ. ಒಳಗೆ ಬಂದವಳು ನಡುಮನೆಯ ಕುರ್ಚಿಯಲ್ಲಿ ಕೂತು, "ನಾನು ಒಳಗೆ ಬರಲ್ಲ. ನಡಿ, ಶುರು ಮಾಡು," ಎಂದಳು. ಈ ಊಟವನ್ನು ನೋಡುವ ಹಕ್ಕು ತಮಗೂ ಇದೆ ಎಂದು ದರ್ಜಿ, ದರ್ಜಿಯ ಹೆಂಡತಿ, ಹೆಡ್‌ಮಾಸ್ಟರು ಮೂವರೂ ಬಂದು ಚಾಪೆಯ ಮೇಲೆ ಕೂತರು. ಮೀಟರಪ್ಪ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಕೇಳತೊಡಗಿತು. ಮೊದಲು ಗಡಗಡಗಡ.

"ಬೆಳ್ಳುಳ್ಳಿ," ಎಂದು ದರ್ಜಿಯ ಹೆಂಡತಿ ಪಿಸುಗುಟ್ಟಿದಳು. "ಎರಡು ಬಟ್ಟಲು. ನಾನೇ ಹೇಳಿಕೊಟ್ಟಿದ್ದು."

ಆಮೇಲೆ ಕರಕರ ಕೆರೆಯುವ ಸದ್ದು. ಶುಂಠಿ. ಟಕಟಕ ಹೆಚ್ಚುವ ಸದ್ದು. ಮಣೆ ಒಂದಿಷ್ಟೂ ಜಾರುತ್ತಿಲ್ಲ ಎಂಬುದನ್ನು ದರ್ಜಿ ಎಲ್ಲರ ಗಮನಕ್ಕೆ ತಂದ. ಅಕ್ಕ ಕಣ್ಣು ಮುಚ್ಚಿ ತಲೆಯಾಡಿಸುತ್ತ ಕೇಳುತ್ತಿದ್ದಳು. ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡು, ಉತ್ತಮ ಅಡುಗೆಗೆ ಸಿದ್ಧತೆಯೇ ಮುಖ್ಯ ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಂದರು. ಮೂರನೇ ಸಲ ಹೇಳುವಾಗ ಅವರ ಧ್ವನಿಯಲ್ಲಿ ಹಸಿವಿತ್ತು.

"ವಾಸನೆನೇ ಬರ್ತಿಲ್ಲವಲ್ಲ," ಎಂದಳು ಅಕ್ಕ.

"ಮುಚ್ಚಿ ಬೇಯಿಸ್ತಿರಬೇಕು," ಎಂದ ದರ್ಜಿ. "ಗ್ಯಾಸ್ ಉಳಿಯೋದು ಅಲ್ಲೇ."

ಕೊನೆಗೆ ಬಾಗಿಲು ತೆರೆಯಿತು. ಮೀಟರಪ್ಪ ದೊಡ್ಡ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಅಕ್ಕನ ಮುಂದಿನ ಮೇಜಿನ ಮೇಲೆ ಇಟ್ಟ. ಓಣಿ ಎದ್ದು ನಿಂತು ನೋಡಿತು.

ಬೆಳ್ಳುಳ್ಳಿ ಎಸಳುಗಳು ಒಂದು ಚೂರು ಸಿಪ್ಪೆಯಿಲ್ಲದೆ ಮುತ್ತಿನಂತಿದ್ದವು. ಈರುಳ್ಳಿ ಎಲ್ಲ ಒಂದೇ ಅಳತೆಯಲ್ಲಿ ಹೆಚ್ಚಿಟ್ಟಿತ್ತು. ಶುಂಠಿ, ನಿಂಬೆಯ ರಸ ಒಂದು ಬಟ್ಟಲು, ಕಪ್ಪಾಗದಿರಲೆಂದು ನೀರಿನಲ್ಲಿ ಮುಳುಗಿಸಿದ ಆಲೂಗಡ್ಡೆ, ನೆನೆಹಾಕಿ ಉಬ್ಬಿದ ಬೇಳೆ. ಎಲ್ಲವೂ ಸಾಲಾಗಿ, ಚೊಕ್ಕಟವಾಗಿ, ಹಸಿಹಸಿಯಾಗಿ.

ಅಕ್ಕ ಎದ್ದು, ತಾನು ಒಳಗೆ ಬರುವುದಿಲ್ಲ ಎಂದಿದ್ದನ್ನು ಮರೆತು, ಅಡುಗೆಮನೆಗೆ ಹೋದಳು. ಓಣಿಯೂ ಹಿಂಬಾಲಿಸಿತು.

ಒಲೆಯ ಮೇಲೆ ಒಂದು ಪಾತ್ರೆ ಇತ್ತು. ಅದರಲ್ಲಿ ನೀರಿತ್ತು. ಉಕ್ಕದಿರಲಿ ಎಂದು ನೀರಿಗೆ ಒಂದು ಹನಿ ಎಣ್ಣೆ ಬಿಟ್ಟಿತ್ತು, ಬಾಯಿಗೆ ಅಡ್ಡಲಾಗಿ ಮರದ ಸೌಟು ಇಟ್ಟಿತ್ತು. ಒಳಗೆ ಅಕ್ಕಿ ಇರಲಿಲ್ಲ. ಕೆಳಗೆ ಬೆಂಕಿ ಇರಲಿಲ್ಲ. ಒಲೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ದೂಳು ಕೂತಿತ್ತು.

"ಅಣ್ಣಾ," ಎಂದಳು ದರ್ಜಿಯ ಹೆಂಡತಿ, ಮೆಲ್ಲಗೆ. "ಹಾಗಾದ್ರೆ ಗ್ಯಾಸ್ ಉಳಿದಿದ್ದು?"

"ಹಚ್ಚೇ ಇಲ್ಲಮ್ಮ."

ಹೆಡ್‌ಮಾಸ್ಟರು ಕನ್ನಡಕ ಸರಿಪಡಿಸಿಕೊಂಡರು. ಆಮೇಲೆ, "ತತ್ವ ಸರಿಯಾಗೇ ಇದೆ," ಎಂದರು. "ಹಚ್ಚದಿದ್ದರೆ ಮುಗಿಯೋದಿಲ್ಲ."

ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮನನ್ನೇ ನೋಡುತ್ತಿದ್ದಳು. "ಬಟ್ಟೆ ಕಟ್ಟು," ಎಂದಳು. ಮೀಟರಪ್ಪ ಅಲ್ಲಾಡಲಿಲ್ಲ. ಗೂಡಿನಲ್ಲಿದ್ದ ಒಂದು ಡಬ್ಬಿಯ ಮೇಲೆ ಅವನ ಕೈಯಿತ್ತು.

"ಏನದು?"

"ಖಾರದ ಪುಡಿ."

"ತೆಗಿ ಇತ್ತ."

ಅವನು ಕೊಡಲಿಲ್ಲ. ಅಕ್ಕನೇ ಎಳೆದುಕೊಂಡು ಮುಚ್ಚಳ ತೆಗೆದಳು. ಡಬ್ಬಿ ಕಂಠದವರೆಗೂ ತುಂಬಿತ್ತು. ಪುಡಿಯ ಮೇಲ್ಮೈಯನ್ನು ಯಾರೋ ಚಮಚದ ಬೆನ್ನಿನಿಂದ ಒತ್ತಿ ಸಮ ಮಾಡಿದ್ದರು, ಆ ಗುರುತು ಹಾಗೇ ಇತ್ತು.

"ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಮಾಡಿದ್ದು," ಎಂದ ಮೀಟರಪ್ಪ. "ಜ್ವರ ಇತ್ತು. ಬೇಡ ಅಂದ್ರೂ ಕೂತು ಕುಟ್ಟಿದ್ಲು. ಅಡುಗೆ ಮಾಡಿದ್ರೆ ಇದನ್ನ ಹಾಕ್ಬೇಕು. ಹಾಕಿದ್ರೆ ಮುಗಿದು ಹೋಗತ್ತೆ. ದಿನಾ ಮುಚ್ಚಳ ತೆಗೆದು ಒಂದು ಸಲ ಮೂಸಿ ಮುಚ್ಚಿಡ್ತೀನಿ, ಅಷ್ಟೇ."

ದರ್ಜಿ ನೆಲ ನೋಡಿದ.

ಅಕ್ಕ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಳು. ಆಕೆಯ ಮುಖ ಕಲ್ಲಿನ ಹಾಗಿತ್ತು.

"ಘಮ ಅರ್ಧ ಹೋಗಿದೆ," ಎಂದಳು. "ಮೂಸಿ ಮೂಸಿನೇ ಮುಗಿಸ್ತಿದ್ದೀಯಲ್ಲೋ. ಇನ್ನೊಂದು ವರ್ಷ ಇಡು, ಹುಳ ತಿಂದು ಹಾಕತ್ತೆ. ಅವಳು ಜ್ವರದಲ್ಲಿ ಕೂತು ಕುಟ್ಟಿದ್ದು ಹುಳಕ್ಕೇನೋ?"

ಮೀಟರಪ್ಪ ತಲೆ ಅಲ್ಲಾಡಿಸಿದ. ಅಲ್ಲ.

"ಯಾರಿಗೆ?"

"ನನಗೆ."

"ಹಾಗಿದ್ರೆ ತಿನ್ನು," ಎಂದು ಅಕ್ಕ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಮಣೆ ಎಳೆದು ಕೂತಳು. ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡಳು. "ನಾನು ಮುಟ್ಟಲ್ಲ ಅಂದಿದ್ದೀನಿ, ಮುಟ್ಟಲ್ಲ. ಮಾತಾಡಲ್ಲ ಅಂತ ಹೇಳಿಲ್ಲ. ಮೊದಲು ಒಲೆ ಒರೆಸು. ಅಕ್ಕಿ ತೊಳಿ."

ಆಗ ನಡೆದ ಅಡುಗೆಯನ್ನು ಅಡುಗೆ ಎನ್ನಬೇಕೋ ಗಲಾಟೆ ಎನ್ನಬೇಕೋ ತಿಳಿಯದು. ಮೀಟರಪ್ಪ ಒಲೆ ಹಚ್ಚಲು ಹೋಗಿ ಹಿಂದಕ್ಕೆ ಹಾರಿದ. ಅಕ್ಕ ಕೂತಲ್ಲಿಂದ ಅಪ್ಪಣೆ ಮಾಡಿದಳು. ದರ್ಜಿಯ ಹೆಂಡತಿ ಬಾಗಿಲಿನಿಂದ ತಿದ್ದಿದಳು. ಅಕ್ಕಿಗೆ ನೀರು ಎಷ್ಟು ಎಂಬಲ್ಲಿಗೆ ಬಂದಾಗ ಅಕ್ಕ ಎರಡು ಎಂದಳು, ದರ್ಜಿಯ ಹೆಂಡತಿ ಎರಡೂವರೆ ಎಂದಳು. ಆ ಹಳೆಯ ಜಗಳ ಹೊಸ ಎದುರಾಳಿಯೊಂದಿಗೆ ಮತ್ತೆ ಹೊತ್ತಿಕೊಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ವಾದಿಸುತ್ತಿದ್ದಾಗ, ಉರಿ ಸಣ್ಣ ಮಾಡಬೇಕಾದ ಹೊತ್ತು ಮೀರಿತು. ಉಪ್ಪು ಹಾಕು ಎಂದು ಅಕ್ಕ ಒಮ್ಮೆ ಹೇಳಿದಳು, ದರ್ಜಿ ಇನ್ನೊಮ್ಮೆ ಹೇಳಿದ. ಮೀಟರಪ್ಪ ಎರಡು ಸಲವೂ ಹಾಕಿದ.

ಖಾರದ ಪುಡಿಯ ಹೊತ್ತು ಬಂದಾಗ ಮಾತ್ರ ಯಾರೂ ಮಾತಾಡಲಿಲ್ಲ. ಆಲೂಗಡ್ಡೆ ಬಾಣಲೆಯಲ್ಲಿ ಸಿಡಿಯುತ್ತಿತ್ತು. ಅವನು ಚಮಚ ಹಿಡಿದು ನಿಂತ. ನಿಂತೇ ಇದ್ದ. ಆಮೇಲೆ ಚಮಚವನ್ನು ಆ ಸಮ ಮಾಡಿದ ಪುಡಿಯೊಳಗೆ ಇಳಿಸಿ, ಒಂದು ತುಂಬ ತೆಗೆದು, ಬಾಣಲೆಗೆ ಹಾಕಿದ. ಘಮ ಎದ್ದಿತು. ಅರ್ಧ ಹೋಗಿದೆ ಎಂದಿದ್ದಳು ಅಕ್ಕ, ಆದರೆ ಬಿಸಿ ಎಣ್ಣೆಗೆ ಬಿದ್ದಾಗ ಅದು ಎಲ್ಲಿಂದಲೋ ಪೂರ್ತಿಯಾಗಿ ಬಂದು ಅಡುಗೆಮನೆ ತುಂಬಿ ನಡುಮನೆಗೂ ಹೋಯಿತು. ಮೀಟರಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು ಅತ್ತ. ಹೆಂಡತಿ ಹೋದ ದಿನ ಅವನು ಅತ್ತಿರಲಿಲ್ಲ.

"ಕೈಯಾಡಿಸ್ತಾ ಇರು, ಸೀಯತ್ತೆ," ಎಂದಳು ಅಕ್ಕ.

ಅವನು ಅಳುತ್ತಲೇ ಕೈಯಾಡಿಸಿದ.

ಕೊನೆಗೂ ಅಕ್ಕ ಮೇಜಿನ ಮುಂದೆ ಕೂತಳು. ಮೀಟರಪ್ಪ ಬಡಿಸಿದ. ಅನ್ನ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಅಕ್ಕಿ. ಆಲೂಗಡ್ಡೆಯ ಅಂಚು ಕಪ್ಪು. ಅಕ್ಕ ಮೊದಲ ತುತ್ತು ಬಾಯಿಗಿಟ್ಟಳು. ಓಣಿ ಆಕೆಯ ದವಡೆಯನ್ನೇ ನೋಡಿತು.

"ಉಪ್ಪು ಜಾಸ್ತಿ ಆಯ್ತೇನೋ," ಎಂದಳು ದರ್ಜಿಯ ಹೆಂಡತಿ. "ಅದಕ್ಕೊಂದು ಉಪಾಯ ಇದೆ, ನಿಂಬೆರಸ..."

"ಸುಮ್ನಿರಮ್ಮ," ಎಂದಳು ಅಕ್ಕ.

ಎರಡನೇ ತುತ್ತು ತಿಂದಳು. ಮೂರನೆಯದು. ತಟ್ಟೆ ನೋಡಿಕೊಂಡು, ಯಾರಿಗೂ ಅಲ್ಲದ ಹಾಗೆ ಮಾತಾಡಿದಳು.

"ಅಮ್ಮ ಹೋದಾಗ ನಿನಗೆ ನಡೆಯೋಕೂ ಬರ್ತಿರಲಿಲ್ಲ. ಅವತ್ತು ಸೌಟು ಹಿಡಿದೆ. ನಿನಗೆ ಮಾಡಿ ಹಾಕಿದೆ, ಅಪ್ಪನಿಗೆ ಹಾಕಿದೆ, ಆಮೇಲೆ ಗಂಡನ ಮನೆ, ಈಗ ಮಗ ಸೊಸೆ ಮೊಮ್ಮಕ್ಕಳು. ಎಲ್ಲರೂ ಉಂಡು ಎದ್ದ ಮೇಲೆ ಉಳಿದಿದ್ದನ್ನ ನಿಂತ್ಕೊಂಡು ತಿಂದು ಅಭ್ಯಾಸ ನನಗೆ. ಹೀಗೆ ಕೂರಿಸಿ, ಬಿಸಿಬಿಸಿಯಾಗಿ ಮಾಡಿ, ಎದುರಿಗೆ ನಿಂತು ಬಡಿಸಿದವರು ಯಾರಿದ್ದಾರೆ ಅಂತ ಯೋಚನೆ ಮಾಡ್ತಿದ್ದೆ." ಆಕೆ ಇನ್ನೊಂದು ತುತ್ತು ಕಲಸಿದಳು. "ಯಾರೂ ನೆನಪಾಗ್ತಿಲ್ಲ ಕಣೋ."

ದರ್ಜಿ ತನ್ನ ಹೆಂಡತಿಯ ಕಡೆ ನೋಡಿ ಬೇಗ ಬೇರೆ ಕಡೆ ನೋಡಿದ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾಳೆ ನಾನೊಬ್ಬಳೇ ಹೋಗ್ತೀನಿ," ಎಂದಳು ಅಕ್ಕ. "ನೀನು ಇಲ್ಲೇ ಇರು."

ಮೀಟರಪ್ಪನಿಗೆ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಡುಗೆ ಚೆನ್ನಾಗಿದೆಯಾ ಅಕ್ಕ?" ಎಂದು ಕೇಳಿದ.

"ಸ್ವಲ್ಪನೂ ಚೆನ್ನಾಗಿಲ್ಲ. ಇನ್ನೊಂದಿಷ್ಟು ಹಾಕು."

ಅವನು ಪಾತ್ರೆ ಬಾಗಿಸಿ ನೋಡಿದ.

"ತಳದ್ದು ಮಾತ್ರ ಉಳಿದಿದೆ ಅಕ್ಕ. ಸೀದು ಹೋಗಿದೆ."

"ಕೆರೆದು ಹಾಕೋ," ಎಂದು ಅಕ್ಕ ತಟ್ಟೆ ಮುಂದಕ್ಕೆ ತಳ್ಳಿದಳು.